ಮಕ್ಕಳ ರೂಮು

ನಮ್ಮ ಮನೆಗೆ ಮೊದಲು ಬಂದದ್ದು ಮಕ್ಕಳ ರೂಮು, ಮಗು ಬಂದದ್ದು ಆಮೇಲೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಶಿಕಾರಿಪುರದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸುವಾಗ ನಮ್ಮ ಮದುವೆಯಾಗಿ ಒಂಬತ್ತು ವರ್ಷ. ಮಕ್ಕಳಿರಲಿಲ್ಲ. ಆದರೂ ಇಂಜಿನಿಯರ್ ನಕ್ಷೆ ಹರಡಿದಾಗ ನಾನು ಬೆರಳಿಟ್ಟು ತೋರಿಸಿದೆ, ಪೂರ್ವಕ್ಕೆ ಕಿಟಕಿ ಇರುವ ಈ ಕೋಣೆ ಮಕ್ಕಳದ್ದು ಅಂತ ಬರೀರಿ ಎಂದು. ಆ ಹುಡುಗ ನನ್ನ ಗಂಡನ ಮುಖ ನೋಡಿದ. ನನ್ನ ಗಂಡ ಈಶ್ವರ್ ಪೈಪು, ನಲ್ಲಿ, ಮೋಟಾರಿನ ಅಂಗಡಿ ಇಟ್ಟವರು, ಮಾತು ಕಡಿಮೆ. "ಅವಳು ಹೇಳಿದಂಗೆ ಬರೀರಿ" ಅಂದರು.

ಗೃಹಪ್ರವೇಶಕ್ಕೆ ಬಂದ ಹೆಂಗಸರು ಆ ಕೋಣೆಯ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ನಗಲಿ. ಎರಡು ವರ್ಷ ಅದರಲ್ಲಿ ಯಾರೂ ಮಲಗಲಿಲ್ಲ. ಸುಗ್ಗಿ ಬಂತೆಂದರೆ ನನ್ನ ಮೈದುನ ಚನ್ನೇಶ್ ಊರಿನಿಂದ ಮೆಕ್ಕೆಜೋಳದ ಚೀಲ ಹೇರಿಕೊಂಡು ಬಂದು, "ಅತ್ತಿಗೆ, ಹೆಂಗೂ ಖಾಲಿ ಐತಲ್ಲ, ರೇಟು ಏರೋ ತನಕ ಇಲ್ಲಿ ಇಡ್ತೀನಿ" ಅನ್ನುತ್ತಿದ್ದ. ಬಾಯಿಗೆ ಬಂದಂತೆ ಬೈದು ವಾಪಸ್ಸು ಕಳಿಸುತ್ತಿದ್ದೆ. ಆ ಕೋಣೆಯಲ್ಲಿ ನಾನು ಒಂದು ಈರುಳ್ಳಿ ಬುಟ್ಟಿ ಸಹ ಇಡಗೊಡಲಿಲ್ಲ.

ಚನ್ನೇಶನ ಮನೆ ಆನವಟ್ಟಿಯಿಂದ ಮೂರು ಕಿಲೋಮೀಟರು ಒಳಗಿನ ಹಳ್ಳಿಯಲ್ಲಿದೆ. ನಮ್ಮತ್ತೆ ಬಸವಣ್ಣೆಮ್ಮ ಇರುವುದೂ ಅಲ್ಲೇ. ಚನ್ನೇಶನಿಗೂ ಅವನ ಹೆಂಡತಿ ಚೈತ್ರಶ್ರೀಗೂ ಆಗಲೇ ಎರಡು ಹೆಣ್ಣು, ಒಂದು ಗಂಡು. ನಾಲ್ಕನೆಯದಾಗಿ ಗಂಗಾಶ್ರೀ ಹುಟ್ಟಿದಳು. ಅವಳಿಗೆ ಎರಡೂವರೆ ವರ್ಷವಾದಾಗ ಒಂದು ಸೋಮವಾರ ನಮ್ಮತ್ತೆ ಹೇಳಿಕಳಿಸಿದರು. ಮನೆಯೊಳಗೇ ಮಗು ದತ್ತು ಕೊಡುವುದಕ್ಕೆ ನಮ್ಮ ಕಡೆ ಕಾಗದ ಪತ್ರ ಮಾಡುವುದಿಲ್ಲ. ನನ್ನನ್ನು ಮಣೆಯ ಮೇಲೆ ಕೂರಿಸಿ, ವಿಭೂತಿ ಹಚ್ಚಿ, ಉಡಿಗೆ ಅಕ್ಕಿ, ಕೊಬ್ಬರಿ, ಉತ್ತುತ್ತೆ, ಎಲೆ ಅಡಿಕೆ ಹಾಕಿದರು. ಅದರ ಮೇಲೆ ಮಗುವನ್ನು ಕೂರಿಸಿದರು. "ಇವತ್ತಿಂದ ನಿನ್ನ ಮಗಳು ದೀಪಾ, ಚೆಂದಾಗಿ ಬೆಳೆಸವ್ವ" ಅಂದರು. ಚೈತ್ರಾ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ನಾನು ಅತ್ತ ನೋಡಲೂ ಇಲ್ಲ. ಸತ್ಯ ಹೇಳಬೇಕೆಂದರೆ, ಮಗು ನನ್ನ ಉಡಿಯಲ್ಲಿನ ಉತ್ತುತ್ತೆ ತೆಗೆದು ಬಾಯಿಗಿಟ್ಟುಕೊಂಡ ಮೇಲೆ ನನಗೆ ಪ್ರಪಂಚದಲ್ಲಿ ಬೇರೆ ಯಾರೂ ಕಾಣಲಿಲ್ಲ.

ಚೆಂದಾಗಿ ಬೆಳೆಸು ಅಂದರಲ್ಲ, ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹೆತ್ತವಳು ಮಗುವಿಗೆ ಎರಡು ಬಾರಿಸಿದರೂ ಯಾರೂ ಕೇಳುವುದಿಲ್ಲ. ತಲೆ ಬಾಚದೆ ಬಿಟ್ಟರೂ, ಊಟ ಹಾಕಲು ಮರೆತರೂ, ಪಾಪ ಕೆಲಸ ಜಾಸ್ತಿ ಅನ್ನುತ್ತಾರೆ. ಸಾಕಿದವಳು ಗದರಿದರೆ ಸಾಕು, ಹೊಟ್ಟೆಯಲ್ಲಿ ಹುಟ್ಟಿದ್ದಿದ್ದರೆ ಹೀಗೆ ಮಾಡುತ್ತಿದ್ದಳೇ ಅನ್ನುತ್ತಾರೆ. ನಾನು ತಪ್ಪುವ ಹಾಗಿರಲಿಲ್ಲ. ಟೀಚರ್ ಆಗಬೇಕೆಂದು ಡಿ.ಎಡ್ ಓದಿ ಕೆಲಸ ಸಿಗದೆ ಕೂತವಳು ನಾನು. ಓದಿದ್ದನ್ನೆಲ್ಲ ಆ ಒಂದು ಮಗುವಿನ ಮೇಲೆ ಸುರಿದೆ.

ಕೋಣೆ ನೋಡಬೇಕಿತ್ತು ನೀವು. ಗೋಡೆಗೆ ತಿಳಿ ಹಸಿರು ಬಣ್ಣ. ಕಪಾಟಿನ ಕೆಳಗಿನ ಖಾನೆ ಆಟದ ಸಾಮಾನಿಗೆ, ಮೇಲಿನದು ಪುಸ್ತಕಕ್ಕೆ, ಎಲ್ಲವೂ ಅವಳ ಕೈಗೆಟಕುವ ಎತ್ತರಕ್ಕೆ. ಇವರ ಅಂಗಡಿಯ ನಾಲ್ಕಿಂಚಿನ ಪೈಪು ಗೇಣುದ್ದ ಕತ್ತರಿಸಿ, ಬಣ್ಣ ಬಳಿದು, ಗೋಡೆಗೆ ಸಾಲಾಗಿ ಹೊಡೆಸಿದೆ. ಒಂದರಲ್ಲಿ ಪೆನ್ಸಿಲು, ಒಂದರಲ್ಲಿ ಕ್ರೆಯಾನು, ಒಂದರಲ್ಲಿ ಬಾಚಣಿಗೆ. ಆರು ಜೇಬಿನ ಒಂದು ಉದ್ದ ಚೀಲ ನಾನೇ ಹೊಲಿದು ಬಾಗಿಲ ಹಿಂದೆ ತೂಗುಹಾಕಿದೆ. ಸೋಮವಾರದಿಂದ ಶನಿವಾರದವರೆಗೆ ಒಂದೊಂದು ಜೇಬಿನಲ್ಲಿ ಆ ದಿನದ ಯೂನಿಫಾರಂ, ಕಾಲುಚೀಲ, ಕರ್ಚೀಫು. ರಾತ್ರಿ ಎಂಟಕ್ಕೆ ನೆಲದ ಮೇಲೆ ಒಂದು ರಬ್ಬರು ಬಿದ್ದಿರಕೂಡದು. ಹಿಂದೆ ನಕ್ಕಿದ್ದ ಹೆಂಗಸರೇ ಈಗ ತಮ್ಮ ಮಕ್ಕಳ ಕಿವಿ ಹಿಂಡಿ ಕರೆತಂದು, "ನೋಡ್ರೋ, ಗಂಗಾ ಹೆಂಗೆ ಇಟ್ಕಂಡಾಳೆ" ಎಂದು ತೋರಿಸುವಂತಾಯಿತು. ನಾನು ಬಾಗಿಲಿಗೆ ಒರಗಿ ನಿಂತು ಸುಮ್ಮನೆ ಇರುತ್ತಿದ್ದೆ. ಒಳಗೊಳಗೇ ಉಬ್ಬುತ್ತಿದ್ದೆ.

ಆದರೆ ಅವಳು ಮಲಗುತ್ತಿದ್ದದ್ದು ನಮ್ಮಿಬ್ಬರ ಮಧ್ಯೆ. ಒಂದು ಕಾಲು ಇವರ ಹೊಟ್ಟೆಯ ಮೇಲೆ, ಒಂದು ಕೈ ನನ್ನ ಕುತ್ತಿಗೆಯ ಸುತ್ತ.

ಅವಳು ಒಂದನೇ ಕ್ಲಾಸಿಗೆ ಸೇರಿದ ವರ್ಷ ಶಿವಮೊಗ್ಗದ ಒಂದು ಕಲ್ಯಾಣಮಂಟಪದಲ್ಲಿ ತಾಯಂದಿರಿಗೆಂದು ಎರಡು ದಿನದ ಶಿಬಿರ ನಡೆಯಿತು. ಹಣ ಕಟ್ಟಿ, ಬೆಳಗಿನ ಬಸ್ಸು ಹಿಡಿದು ಹೋದೆ. ಮೈಕು ಹಿಡಿದ ಮೇಡಂ ಎಷ್ಟು ಚೆನ್ನಾಗಿ ಮಾತಾಡಿದರೆಂದರೆ ನಾನು ಅರ್ಧ ನೋಟ್‌ಬುಕ್ಕು ತುಂಬಿಸಿದೆ. ಆರು ವರ್ಷದ ಮಗು ಒಂಟಿಯಾಗಿ ಮಲಗಲು ಕಲಿಯಬೇಕು ಅಂದರು. ಇಲ್ಲದಿದ್ದರೆ ಅದಕ್ಕೆ ಧೈರ್ಯ ಬರುವುದಿಲ್ಲ, ಜೀವನವಿಡೀ ಯಾರಿಗಾದರೂ ಜೋತುಬೀಳುತ್ತದೆ. ಅಳುತ್ತದೆ, ಅಳಲಿ, ಬಾಗಿಲು ತೆಗೆಯಬೇಡಿ. ಒಂದು ಸಲ ತೆಗೆದರೆ ಅತ್ತರೆ ಬಾಗಿಲು ತೆರೆಯುತ್ತದೆ ಎಂದು ಕಲಿತುಬಿಡುತ್ತದೆ. ಮೂರು ದಿನ ಕಷ್ಟ, ಆಮೇಲೆ ರೂಢಿ. ಆ ಕೊನೆಯ ಸಾಲಿನ ಕೆಳಗೆ ನಾನು ಎರಡು ಗೆರೆ ಎಳೆದೆ.

ಪಕ್ಕದ ಮನೆಯ ತುಂಗಮ್ಮನಿಗೆ ಹೇಳಿದಾಗ ಅವಳು ಗಾಬರಿಬಿದ್ದಳು. "ಅಯ್ಯ, ಹೆಣ್ಣುಕೂಸು ಒಂದೇ ಮಲಗ್ತೈತೇನ್ರೀ? ನಮ್ಮನ್ಯಾಗೆ ಕಾಲೇಜಿಗೆ ಹೋಗೋಳು ಇನ್ನೂ ನನ್ನ ಮಗ್ಗುಲಾಗೇ ಬಿದ್ಕಂತಾಳೆ" ಅಂದಳು. ನಿಮ್ಮ ಹಾಗೆ ಬೆಳೆಸುವುದಕ್ಕೆ ನನಗೆ ಮಗು ಕೊಟ್ಟಿಲ್ಲ ಎಂದು ಅವಳ ಮುಖದ ಮೇಲೇ ಹೇಳಿದೆ. ಒಂದು ತಿಂಗಳು ಮಾತು ಬಿಟ್ಟಿದ್ದಳು.

ಮೊದಲ ರಾತ್ರಿ ಗಂಗಾಳ ಹಣೆಗೆ ವಿಭೂತಿ ಹಚ್ಚಿ, ಹೊದಿಕೆ ಸರಿಮಾಡಿ, "ಮೂರು ದಿನ ಕಷ್ಟ ಆಗುತ್ತೆ ಪುಟ್ಟಿ, ಆಮೇಲೆ ರೂಢಿ ಆಗುತ್ತೆ" ಎಂದು ತಲೆ ಸವರಿ ಹೊರಗೆ ಬಂದೆ. ಬಂದು ಚಿಲಕ ಹಾಕಿದೆ. ಹೌದು, ಹೊರಗಿನಿಂದ ಹಾಕಿದೆ. ಬೈಯುವವರು ಬೈಯಲಿ, ನನಗಿಂತ ಜಾಸ್ತಿ ಯಾರೂ ಬೈಯಲಾರರು. ಇವರು ಹಾಸಿಗೆಯ ಮೇಲೆ ಎದ್ದು ಕೂತು, "ದೀಪಾ, ಸಾಕು, ತೆಗಿ. ನನ್ನ ಕೈಲಿ ಕೇಳಾಕಾಗಲ್ಲ" ಅಂದರು. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಅಂದೆ.

ಮೂರು ದಿನ ಅಂದಿದ್ದರು. ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ರಾತ್ರಿಯೂ ನಾನು ನನ್ನ ಹಾಸಿಗೆಗೆ ಹೋಗಲಿಲ್ಲ. ಅವಳ ಬಾಗಿಲ ಈಚೆ, ಬರೀ ನೆಲದ ಮೇಲೆ, ಬಾಗಿಲಿಗೆ ಬೆನ್ನು ಹಚ್ಚಿ ಮಲಗಿದೆ. ಅವಳು ಬಿಕ್ಕಿದಾಗೆಲ್ಲ ಕೈಯಿಂದ ಬಾಯಿ ಮುಚ್ಚಿಕೊಂಡು ನಾನೂ ಅತ್ತೆ. ಸದ್ದು ಕೇಳಿಸಿದರೆ ಎಲ್ಲ ಕೆಟ್ಟಿತು ಎಂದು ಶಿಬಿರದಲ್ಲಿ ಹೇಳಿದ್ದರಲ್ಲ. ಹನ್ನೊಂದನೆಯ ರಾತ್ರಿ ಸೆರಗಿನ ತುದಿ ಬಾಗಿಲ ಕೆಳಗೆ ಎಲ್ಲೋ ಸಿಕ್ಕಿಕೊಂಡಿತ್ತು. ಎಳೆದುಕೊಂಡು ಮಗ್ಗುಲು ಬದಲಿಸಿದೆ. ಸ್ವಲ್ಪ ಹೊತ್ತಿಗೆ ಒಳಗಿನ ಅಳು ನಿಂತಿತು. ಮರುದಿನ ರಾತ್ರಿ ಅವಳೇ ಹೋಗಿ ಹೊದ್ದುಕೊಂಡು, "ಗುಡ್ ನೈಟ್ ಅಮ್ಮ" ಅಂದಳು. ಗೆದ್ದೆ ಅಂದುಕೊಂಡೆ. ಹೋಳಿಗೆ ಮಾಡಿದೆ. ಮಾತು ಬಿಟ್ಟಿದ್ದ ತುಂಗಮ್ಮನ ಮನೆಗೂ ಬೇಕೆಂದೇ ನಾಲ್ಕು ಕಳಿಸಿದೆ.

ಅಲ್ಲಿಂದ ಮೂರು ವರ್ಷ ಎಂಥ ಮಗು ಅಂತೀರಿ ಅದು! ಹಟ ಇಲ್ಲ, ಗಲಾಟೆ ಇಲ್ಲ. ದೊಡ್ಡವರಿಗೆ 'ನೀವು' ಅನ್ನಬೇಕು ಎಂದು ಕಲಿಸಿದ್ದೆ, ನನಗೂ 'ನೀವು' ಅನ್ನುತ್ತಿದ್ದಳು. 'ಐತೆ' ಅನ್ನದೆ 'ಇದೆ' ಅನ್ನುತ್ತಿದ್ದಳು. ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ಜ್ವರ ಬಂದು ಹಾಸಿಗೆಯಲ್ಲೇ ವಾಂತಿ ಮಾಡಿಕೊಂಡಿದ್ದಳು. ಆ ಹೊತ್ತಿಗೆ ಚಿಲಕ ಹಾಕುವುದನ್ನು ನಾನು ಬಿಟ್ಟು ಬಹಳ ದಿನವಾಗಿತ್ತು, ಕೂಗಿದ್ದರೆ ಓಡಿ ಬರುತ್ತಿದ್ದೆ. ಕೂಗಲಿಲ್ಲ. ಟವೆಲ್ಲಿನಿಂದ ತಾನೇ ಒರೆಸಿ, ಹಾಸಿಗೆಯ ಒದ್ದೆಯಾಗದ ಮೂಲೆಯಲ್ಲಿ ಮುದುರಿ ಮಲಗಿದ್ದಳು. ಬೆಳಗ್ಗೆ ನಾನು ಹೋದಾಗ, "ಸಾರಿ ಅಮ್ಮ, ಬೆಡ್‌ಶೀಟ್ ಗಲೀಜಾಗಿದೆ" ಅಂದಳು. ಮೈ ಕೆಂಡವಾಗಿತ್ತು. ಎಷ್ಟು ಜಾಣೆ ನೋಡಿ ಎಂದು ನಾನು ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ, ಕತ್ತೆ ನಾನು.

ಪ್ರತಿ ಬೇಸಿಗೆಯಲ್ಲಿ ಹದಿನೈದು ದಿನ ಅವಳು ಚನ್ನೇಶನ ಮನೆಗೆ ಹೋಗಿ ಬರುತ್ತಿದ್ದಳು. ಈ ವರ್ಷ ನನ್ನ ತವರಿನಲ್ಲಿ, ಚಂದ್ರಗುತ್ತಿಯಲ್ಲಿ, ನಮ್ಮಮ್ಮನಿಗೆ ಕಣ್ಣಿನ ಆಪರೇಷನ್ ಆದದ್ದರಿಂದ ನಾನು ಅಲ್ಲಿ ಕೂರಬೇಕಾಯಿತು. ಗಂಗಾ ಒಂದೂವರೆ ತಿಂಗಳು ಆನವಟ್ಟಿ ಕಡೆಯೇ ಉಳಿದಳು. ಮೇ ಕೊನೆಯ ವಾರ ನಾನು ಮನೆಗೆ ಬಂದು ಫೋನು ಮಾಡಿದೆ. ಚೈತ್ರಾ ಎತ್ತಿದಳು. "ಇನ್ನೊಂದೆರಡು ದಿನ ಇರ್ಲಿ ಅಕ್ಕ" ಅಂದಳು. ಎರಡು ದಿನ ಬಿಟ್ಟು ಮಾಡಿದೆ. "ಹೊಲದಾಗೆ ಬಿತ್ತನೆ ನಡೆದೈತೆ ಅಕ್ಕ, ಮುಗೀಲಿ" ಅಂದಳು. ಬಿತ್ತನೆಗೂ ನಾಲ್ಕನೇ ಕ್ಲಾಸಿನ ಹುಡುಗಿಗೂ ಏನು ಸಂಬಂಧ? ಮೈ ಉರಿಯಿತು. ಮಗುವಿಗೆ ಕೊಡು ಫೋನು ಅಂದೆ.

"ಹಲೋ ದೊಡ್ಡಮ್ಮ" ಅಂದಳು ಗಂಗಾ.

ಫೋನು ಮೇಜಿನ ಮೇಲಿಟ್ಟು ನೀರು ಕುಡಿದೆ. ಏಳು ವರ್ಷ ಅಮ್ಮ ಎಂದ ಬಾಯಿ. ಹಾಗೆ ಕರೆಯೆಂದು ಯಾರೋ ಹೇಳಿಕೊಟ್ಟಿದ್ದಾರೆ ಅಂದುಕೊಂಡೆ. ಬೇರೆ ಏನೆಂದುಕೊಳ್ಳಲಿ?

ಮುಂದಿನ ಎರಡು ದಿನ ಹುಚ್ಚಿಯ ಹಾಗೆ ಕೋಣೆ ಸಜ್ಜುಮಾಡಿದೆ. ಪುಸ್ತಕಗಳಿಗೆಲ್ಲ ಕಂದು ರಟ್ಟು ಹಾಕಿ ಹೆಸರಿನ ಚೀಟಿ ಅಂಟಿಸಿದೆ. ಹೊಸ ಬ್ಯಾಗು, ಹೊಸ ನೀರಿನ ಬಾಟಲಿ, ನವಿಲಿನ ಚಿತ್ರದ ಹೊಸ ಹಾಸು. ಆರು ಜೇಬಿಗೂ ಯೂನಿಫಾರಂ ಇಸ್ತ್ರಿ ಮಾಡಿ ತುಂಬಿದೆ. ಪೈಪಿನ ಗೂಡಿನಲ್ಲಿ ಹನ್ನೆರಡು ಪೆನ್ಸಿಲು ಕೆತ್ತಿ ನಿಲ್ಲಿಸಿದೆ. ಇವರು ಬಾಗಿಲಲ್ಲಿ ನಿಂತು ನೋಡಿ, "ಬರ್ತಾಳೆ ಬಿಡು" ಅಂದರು. ಆ ದನಿಯಲ್ಲಿ ನಂಬಿಕೆ ಇರಲಿಲ್ಲ. ಶಾಲೆ ಶುರುವಾಗುವ ಮುಂಚಿನ ಭಾನುವಾರ ಇಬ್ಬರೂ ಅಂಗಡಿಯ ಗೂಡ್ಸ್ ಗಾಡಿಯಲ್ಲಿ ಹೊರಟೆವು. ತಾಳಗುಂದ ದಾಟುವಾಗ ಎರಡೂ ಕಡೆ ಹೊಲಗಳಲ್ಲಿ ಜನ ಬಾಗಿ ಮೆಕ್ಕೆಜೋಳ ಊರುತ್ತಿದ್ದರು. ಅವಳಿಗೆ ವಾಪಸ್ಸು ಬರುವಾಗ ಕಿಟಕಿಯ ಪಕ್ಕ ಬೇಕಾಗುತ್ತದೆ ಎಂದು ನಾನು ಹೋಗುವಾಗಲೇ ಮಧ್ಯಕ್ಕೆ ಸರಿದು ಕೂತಿದ್ದೆ.

ನಾವು ಹೋದಾಗ ನಡುಮನೆಯಲ್ಲಿ ಇನ್ನೂ ಹಾಸಿಗೆ ತೆಗೆದಿರಲಿಲ್ಲ. ಉದ್ದಕ್ಕೆ ಒಂದು ಹಳೆಯ ಜಮಖಾನ, ಅದರ ಮೇಲೆ ನಾಲ್ಕೈದು ಕೌದಿ, ದಿಂಬು ಯಾವುದು ಯಾರದ್ದೆಂದು ಗೊತ್ತಾಗದ ಹಾಗೆ ಬಿದ್ದಿದ್ದವು. ನಾಲ್ಕೂ ಮಕ್ಕಳು ಅತ್ತೆಯ ಜೊತೆ ಅಲ್ಲೇ ಮಲಗುವುದು. ಗಂಗಾಳ ಬಟ್ಟೆ ಒಂದು ಗೊಬ್ಬರದ ಚೀಲದಲ್ಲಿ ಮೊಳೆಗೆ ನೇತಾಡುತ್ತಿತ್ತು. ಒಂದೂವರೆ ತಿಂಗಳಿಗೆ ಅಂತ ನಾನು ಮಡಚಿ ಕಳಿಸಿದ್ದ ಬಟ್ಟೆ! ಅವಳು ಅಕ್ಕನ ಹಳೆಯ ಫ್ರಾಕು ತೊಟ್ಟು, ಮೊಣಕಾಲು ತರಚಿಕೊಂಡು, ಅಣ್ಣನ ಬೆನ್ನ ಮೇಲೆ ಕೂತು ಕಿರುಚುತ್ತಿದ್ದಳು. ಅವಳು ಕಿರುಚುತ್ತಾಳೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ನನ್ನನ್ನು ಕಂಡವಳೇ ಇಳಿದು, ಫ್ರಾಕು ಸರಿಮಾಡಿಕೊಂಡು, ಕೈಕಟ್ಟಿ ನಿಂತಳು.

ಚಹಾ ಲೋಟ ಕೈಗೆ ಬರುವ ಮೊದಲೇ ನಾನು ಚೈತ್ರಾಳ ಮೇಲೆ ಹರಿಹಾಯ್ದೆ. ಉಡಿಯಲ್ಲಿ ಕೊಟ್ಟದ್ದನ್ನು ಕಿತ್ತುಕೊಳ್ಳುತ್ತೀಯಾ? ಮಗುವಿನ ತಲೆ ಕೆಡಿಸಿದ್ದೀಯ. ದೊಡ್ಡಮ್ಮ ಅನ್ನಲು ಹೇಳಿಕೊಟ್ಟವಳು ನೀನು. ಇನ್ನೂ ಏನೇನೋ ಅಂದೆ. ಅವಳು ಕೈಯಲ್ಲಿದ್ದ ತಟ್ಟೆಯನ್ನು ನೆಲಕ್ಕಿಟ್ಟು ಅಳುತ್ತಾ, "ಅಕ್ಕ, ಲಿಂಗದಾಣೆ, ನಾನು ಒಂದು ಸಲನೂ ಇರು ಅಂದಿಲ್ಲ. ಅದು ಹೋಗಲ್ಲ ಅಂತು. ಹೋಗು ಅನ್ನಾಕೆ ನನಗೆ ಬಾಯಿ ಬರ್ಲಿಲ್ಲ, ಅಷ್ಟೇ" ಅಂದಳು. ಚನ್ನೇಶ್ ತಲೆ ತಗ್ಗಿಸಿ ಕಂಬ ಕೆರೆಯುತ್ತಿದ್ದ. ಇವರು ನನ್ನ ಮೊಣಕೈ ಹಿಡಿದು, "ಸುಮ್ನಿರು ದೀಪಾ" ಅಂದರು. ಅತ್ತೆ ಮಾತ್ರ ನನ್ನನ್ನೇ ನೋಡಿ, "ಜಗಳ ಯಾಕವ್ವ? ಕೂಸು ಇಲ್ಲೇ ಐತಲ್ಲ, ಅದನ್ನೇ ಕೇಳು" ಅಂದರು.

ಎಲ್ಲರೆದುರು ಕೇಳಲು ನನಗೆ ಧೈರ್ಯವಾಗಲಿಲ್ಲ. ಅವಳ ಕೈಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವಳನ್ನು ಕೂರಿಸಿ ನಾನು ಎದುರಿಗೆ ನೆಲದ ಮೇಲೆ ಕೂತೆ.

"ಮನೆಗೆ ಹೋಗೋಣ ಪುಟ್ಟಿ" ಅಂದೆ. "ಹೊಸ ಬ್ಯಾಗ್ ತಂದಿದೀನಿ. ನವಿಲಿನ ಬೆಡ್‌ಶೀಟ್ ಹಾಕಿದೀನಿ."

"ಬೇಡ" ಅಂದಳು. ಜೋರಾಗಿ ಅನ್ನಲಿಲ್ಲ. ಊಟಕ್ಕೆ ಕೂತಾಗ ಸಾಕು ಅನ್ನುವ ಹಾಗೆ ಅಂದಳು.

"ಯಾಕೆ?"

"ಇಲ್ಲಿ ಎಲ್ರೂ ಒಟ್ಟಿಗೆ ಮಲಗ್ತೀವಿ."

"ಅಷ್ಟೇನಾ? ಇವತ್ತಿಂದ ನನ್ನ ಜೊತೆ ಮಲಗು. ಆ ರೂಮಿನ ಬಾಗಿಲೇ ಕೀಳಿಸ್ತೀನಿ. ಬೇಕಾದ್ರೆ ಮಂಚ ಮಾರಿ ನಡುಮನೇಲಿ ಜಮಖಾನ ಹಾಸ್ತೀನಿ, ಇದೇ ಥರ. ಏನ್ ಹೇಳ್ತೀಯ?"

ಅವಳು ಮೊಣಕಾಲಿನ ಗಾಯದ ಹಕ್ಕಳೆ ಕೆರೆಯುತ್ತಿದ್ದಳು. ಆಗ ನನ್ನ ಹತ್ತಿರ ಉಳಿದಿದ್ದ ಒಂದೇ ಮಾತನ್ನು ಹೊರಗೆ ತೆಗೆದೆ. ಗಂಡನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲದ ಮಾತು. ಇದನ್ನು ಹೇಳಿದರೆ ಮಗು ನನ್ನ ಕುತ್ತಿಗೆಗೆ ಬೀಳುತ್ತದೆ ಎಂದೇ ನಂಬಿದ್ದೆ.

"ಗಂಗಾ, ನಿನ್ನನ್ನ ಒಬ್ಬಳೇ ಮಲಗಿಸಿದ್ನಲ್ಲ, ಆವಾಗ ನಾನೂ ಅಲ್ಲೇ ಇದ್ದೆ ಕಣೇ. ಬಾಗಿಲ ಆಚೆ ನೆಲದ ಮೇಲೆ ಮಲಗಿದ್ದೆ. ಹನ್ನೊಂದು ರಾತ್ರೀನೂ. ನಿನ್ನ ಬಿಟ್ಟು ಎಲ್ಲೂ ಹೋಗಿರಲಿಲ್ಲ ನಾನು."

"ಗೊತ್ತು" ಅಂದಳು.

"ಗೊತ್ತಾ?"

"ಬಾಗಿಲ ಕೆಳಗೆ ನಿಮ್ಮ ಸೀರೆ ಕಾಣ್ತಿತ್ತು. ನಾನೂ ಅಲ್ಲೇ ಮಲಗ್ತಿದ್ದೆ, ಬಾಗಿಲ ಹತ್ರ."

"ನಾನು ಇದೀನಿ ಅಂತ ಗೊತ್ತಿದ್ರೆ ಮತ್ಯಾಕೆ ಅಳ್ತಿದ್ದೆ?"

ಅವಳು ನನ್ನನ್ನು ನೋಡಿದಳು. ಇಷ್ಟು ದೊಡ್ಡವರಿಗೆ ಇದೂ ತಿಳಿಯುವುದಿಲ್ಲವೇ ಅನ್ನುವ ನೋಟ. "ನೀವು ಇದೀರ ಅಂತ ಗೊತ್ತಿತ್ತಲ್ಲ, ಅದಕ್ಕೇ ಅಳ್ತಿದ್ದೆ" ಅಂದಳು. "ಇಲ್ದಿದ್ರೆ ಅಳ್ತಿರಲಿಲ್ಲ. ಒಂದಿನ ಸೆರಗು ಹಿಡ್ಕೊಂಡು ಎಳೆದೆ. ನೀವು ಕಿತ್ಕೊಂಡ್ರಿ. ಆಮೇಲೆ ಬಿಟ್ಟೆ."

ಸಿಕ್ಕಿಕೊಂಡಿತ್ತು ಅಂದುಕೊಂಡಿದ್ದೆನಲ್ಲ. ನನ್ನ ಶಿವನೇ, ಬಾಗಿಲ ಕೆಳಗೆ ಸಿಕ್ಕಿಕೊಂಡಿತ್ತು ಅಂದುಕೊಂಡಿದ್ದೆ. ಆರು ವರ್ಷದ ಮಗುವಿನ ಬೆರಳು ಅದು. ಬಾಗಿಲ ಕೆಳಗಿನ ಎರಡು ಬೆರಳಿನಷ್ಟು ಸಂದಿಯಲ್ಲಿ ಅವಳು ಕೈ ಹಾಕಿ ಹಿಡಿದಿದ್ದಳು, ನಾನು ಎಳೆದುಕೊಂಡು ಮಗ್ಗುಲಾದೆ, ಎರಡು ದಿನ ಬಿಟ್ಟು ಹೋಳಿಗೆ ಹಂಚಿದೆ.

"ನೀನು ಅಂತ ಗೊತ್ತಾಗಲಿಲ್ಲ ಕಂದ" ಅಂದೆ. "ಬಾಗಿಲಿಗೆ ಸಿಕ್ಕಿದೆ ಅಂದುಕೊಂಡೆ. ಆಣೆ ಮಾಡ್ತೀನಿ, ನೀನು ಅಂತ ಗೊತ್ತಾಗಲಿಲ್ಲ."

"ಹೌದಾ?" ಅಂದಳು. ನಾನು ಕಲಿಸಿದ ಹಾಗೆಯೇ, ದೊಡ್ಡವರ ಮಾತಿಗೆ ಎದುರಾಡದೆ. ನಂಬಿದಳೋ ಇಲ್ಲವೋ ಆ ಮುಖದಲ್ಲಿ ಗೊತ್ತಾಗುವ ಹಾಗಿರಲಿಲ್ಲ. ನಂಬಿದ್ದರೂ ಏನು ಬಂತು, ಮೂರು ವರ್ಷ ಅವಳು ನಂಬಿಕೊಂಡು ಮಲಗಿದ್ದು ಬೇರೆಯದನ್ನೇ.

ಒಳಗಿನಿಂದ ಚೈತ್ರಾ ತಿಂಡಿಗೆ ಬಾರೇ ಗಂಗಾ ಎಂದು ಕೂಗಿದಳು. "ಬಂದೆ ಅವ್ವಾ, ನೀನು ಹಾಕು" ಎಂದು ಇವಳು ತಿರುಗಿ ಕೂಗಿದಳು. ಅವ್ವ ಅಂದಳು, ನೀನು ಅಂದಳು. ನನಗೆ ಏಳು ವರ್ಷದಲ್ಲಿ ಒಂದು ಸಲವೂ ಹಾಗೆ ಅನ್ನಲು ನಾನೇ ಬಿಟ್ಟಿರಲಿಲ್ಲ. ಆಗ ನಾನು ಅಳುವುದಕ್ಕೆ ಶುರುಮಾಡಿದೆ. ಹಿತ್ತಲಿನಲ್ಲಿ, ನೆಲದ ಮೇಲೆ, ಸೆರಗು ಎಲ್ಲಿದೆ ಎಂಬುದೂ ತಿಳಿಯದೆ ಅತ್ತೆ. ಕೈಯಿಂದ ಬಾಯಿ ಮುಚ್ಚಿಕೊಳ್ಳಲಿಲ್ಲ ಈ ಸಲ. ಹತ್ತಿರ ಬಾ ಎಂದು ಕೈ ಚಾಚಿದೆ.

ಅವಳು ಕಲ್ಲಿನಿಂದ ಇಳಿದು ಹತ್ತಿರ ಬಂದಳು. ಬಂದು ಅಪ್ಪಿಕೊಳ್ಳಲಿಲ್ಲ. ಎದುರಿಗೆ ನಿಂತು, ನನ್ನ ತಲೆಯ ಮೇಲೆ ಕೈಯಿಟ್ಟು, ಹಣೆಯಿಂದ ಹಿಂದಕ್ಕೆ ನಿಧಾನವಾಗಿ ಒಂದು ಸಲ ಸವರಿದಳು. ಅವಳ ಮನಸ್ಸಿನಲ್ಲಿ ಕುಹಕ ಇರಲಿಲ್ಲ. ಅಳುವವರಿಗೆ ಹೇಗೆ ಸಮಾಧಾನ ಹೇಳಬೇಕೆಂದು ಮಗು ನನ್ನಿಂದ ಕಲಿತದ್ದು ಅದೊಂದೇ.

"ಅಳಬೇಡಿ ದೊಡ್ಡಮ್ಮ" ಅಂದಳು. "ಮೂರು ದಿನ ಕಷ್ಟ ಆಗುತ್ತೆ, ಆಮೇಲೆ ರೂಢಿ ಆಗುತ್ತೆ."